ಶುದ್ಧ ಇಂಧನವೂ ಅದರ ಹೊಗೆಯ ಕೊಳವೆಯೂ

ನಮ್ಮ ನಗರಗಳ ಬೀದಿಗಳಲ್ಲಿ ‘ಸಿಎನ್‌ಜಿ’ ಎಂಬ ಹಸಿರು ಗುರುತನ್ನು ಬೆನ್ನಿಗೆ ಅಂಟಿಸಿಕೊಂಡ ಕಾರುಗಳೂ ಆಟೋರಿಕ್ಷಾಗಳೂ ಸರಕಿನ ಗಾಡಿಗಳೂ ದಿನೇ ದಿನೇ ಹೆಚ್ಚುತ್ತಿವೆ. ಇವುಗಳ ಹಿಂದೆ ಕರಿಯ ಹೊಗೆ ಕಾಣಿಸದು. ಡೀಸೆಲಿನ ಕಮಟು ವಾಸನೆ ಮೂಗಿಗೆ ತಾಕದು. ಇಷ್ಟರಿಂದಲೇ ಇವು ಶುದ್ಧ ವಾಹನಗಳೆಂದು ಜನರು ತೀರ್ಮಾನಿಸುವರು. ಮಾರುವವರು ಹಾಗೆಂದೇ ಸಾರುವರು. ಆಳುವವರೂ ಅದನ್ನೇ ಒಪ್ಪಿ ಸಮಾಧಾನಪಡುವರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ನಾಣ್ಣುಡಿಯನ್ನು ಇಲ್ಲಿ ನೆನೆಯುವುದು ಒಳ್ಳೆಯದು. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಅನಿಲಗಳು ಈ ವಾಹನಗಳಿಂದಲೂ ಹೊರಬೀಳುತ್ತವೆ. ಅವುಗಳನ್ನು ತಡೆಯುವ ಹೊಣೆ ಇಂಧನದ್ದಲ್ಲ. ವಾಹನದ ಹೊಗೆಯ ದಾರಿಯಲ್ಲಿ, ಸೈಲೆನ್ಸರಿಗೆ ಮುಂಚೆ ಕೂಡಿಸಿರುವ ಒಂದು ಸಣ್ಣ ಪೆಟ್ಟಿಗೆಯದು. ಆ ಪೆಟ್ಟಿಗೆ ತನ್ನ ಕೆಲಸವನ್ನು ಮಾಡುತ್ತಿದ್ದರೆ ವಾಹನ ಶುದ್ಧ; ಅದು ಸೋತರೆ ಶುದ್ಧಿ ಹೆಸರಿಗೆ ಮಾತ್ರ. ಆದುದರಿಂದ ಇಂಧನದ ಹೆಸರನ್ನು ನೋಡಿ ವಾಹನಕ್ಕೆ ಮಾನ್ಯತೆ ಕೊಡುವುದು ಸಾಲದು, ಪೆಟ್ಟಿಗೆಯ ಕೆಲಸವನ್ನು ಅದು ಬಾಳುವಷ್ಟು ಕಾಲವೂ ರಸ್ತೆಯ ಮೇಲೆಯೇ ಪರೀಕ್ಷಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಹೀಗೆ ಹೇಳಲು ನಮಗಿರುವ ಕಾರಣಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲು ನೈಸರ್ಗಿಕ ಅನಿಲಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಬಿಡೋಣ. ದೆಹಲಿಯ ಗಾಳಿ ಉಸಿರಾಡಲು ಅಯೋಗ್ಯವಾಗುತ್ತಿದ್ದ ದಿನಗಳಲ್ಲಿ, ಎಂ. ಸಿ. ಮೆಹ್ತಾ ಎಂಬ ನ್ಯಾಯವಾದಿಗಳು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೮ರ ಜುಲೈ ೨೮ರಂದು ಒಂದು ಆಜ್ಞೆಯನ್ನು ಹೊರಡಿಸಿತು. ನಗರದ ಬಸ್ಸುಗಳೆಲ್ಲವೂ ೨೦೦೧ರ ಮಾರ್ಚ್ ೩೧ರೊಳಗೆ ನೈಸರ್ಗಿಕ ಅನಿಲದಿಂದ ಓಡುವಂತಾಗಬೇಕೆಂಬುದು ಅದರ ಸಾರ. ಗಡುವು ಮೀರಿತು, ಬಂಕುಗಳ ಮುಂದೆ ಮೈಲುದ್ದದ ಸಾಲುಗಳು ನಿಂತವು, ಆದರೂ ೨೦೦೨ರ ಕೊನೆಯ ಹೊತ್ತಿಗೆ ಡೀಸೆಲ್ ಬಸ್ಸುಗಳು ಆ ನಗರದ ಸಾರಿಗೆಯಿಂದ ಹೊರಬಿದ್ದವು. ಡೀಸೆಲಿನ ಮಸಿಯನ್ನು ತಗ್ಗಿಸುವ ಉಪಾಯವಾಗಿ ಆ ಬದಲಾವಣೆ ಸರಿಯಾದ ಹೆಜ್ಜೆಯೇ ಆಗಿತ್ತು. ನಮ್ಮ ನಾಡಿಗೆ ಈ ಅನಿಲ ತಡವಾಗಿ ಬಂದಿತು. ದಾಭೋಲದಿಂದ ಬೆಂಗಳೂರಿಗೆ ಹಾಸಿದ ಕೊಳವೆಮಾರ್ಗ ೨೦೧೩ರಲ್ಲಿಯೂ, ಕೊಚ್ಚಿಯಿಂದ ಮಂಗಳೂರಿಗೆ ಹಾಸಿದ ಮಾರ್ಗ ೨೦೨೧ರ ಜನವರಿಯಲ್ಲಿಯೂ ಕಾರ್ಯಾರಂಭ ಮಾಡಿದವು. ದೆಹಲಿ ಪಡೆದ ಅನುಭವವನ್ನು ಗಮನಿಸಿ ಮುಂದುವರಿಯುವ ಅವಕಾಶ ನಮಗಿದೆ, ಅದನ್ನು ಬಳಸಿಕೊಳ್ಳಬೇಕು.

ನೈಸರ್ಗಿಕ ಅನಿಲದ ಮುಖ್ಯ ಭಾಗ ಮೀಥೇನ್. ೧೭೭೬ರಲ್ಲಿ ಇಟಲಿಯ ವೋಲ್ಟಾ ಮಾಜೋರೆ ಸರೋವರದ ಜೌಗಿನಿಂದ ಮೇಲೇಳುವ ಗುಳ್ಳೆಗಳನ್ನು ಹಿಡಿದು ಪರೀಕ್ಷಿಸಿದಾಗ ಕಂಡದ್ದು ಇದೇ ಅನಿಲ. ಇದರ ಒಂದು ಅಣುವಿನಲ್ಲಿ ಇಂಗಾಲದ ಒಂದು ಪರಮಾಣುವೂ ಜಲಜನಕದ ನಾಲ್ಕು ಪರಮಾಣುಗಳೂ ಇರುತ್ತವೆ. ಪೂರ್ಣವಾಗಿ ಉರಿದರೆ ಉಳಿಯುವುದು ಇಂಗಾಲದ ಡೈಆಕ್ಸೈಡು ಮತ್ತು ನೀರಿನ ಆವಿ ಮಾತ್ರ. ಆದರೆ ಎಂಜಿನಿನೊಳಗೆ ಯಾವ ಇಂಧನವೂ ಪೂರ್ಣವಾಗಿ ಉರಿಯುವುದಿಲ್ಲ. ಸಿಲಿಂಡರಿನ ಗೋಡೆಗೆ ಅಂಟಿದಂತಿರುವ ತಣ್ಣನೆಯ ಪದರವನ್ನೂ, ಪಿಸ್ಟನ್ನಿನ ಅಂಚಿನಲ್ಲಿರುವ ಕಿರಿದಾದ ಸಂದನ್ನೂ ಜ್ವಾಲೆ ಮುಟ್ಟಲಾರದು. ಅಲ್ಲಿ ಅಡಗಿದ್ದ ಮೀಥೇನ್ ಹಾಗೆಯೇ ಹೊರಕ್ಕೆ ಹೋಗುತ್ತದೆ. ಅರೆಬರೆಯಾಗಿ ಉರಿದ ಭಾಗ ಇಂಗಾಲದ ಮಾನಾಕ್ಸೈಡಾಗುತ್ತದೆ, ಇದು ವಿಷ. ಇದಲ್ಲದೆ ಜ್ವಾಲೆಯ ತೀವ್ರವಾದ ಶಾಖದಲ್ಲಿ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಸಾರಜನಕದ ಆಕ್ಸೈಡುಗಳು ಹುಟ್ಟುತ್ತವೆ. ಶ್ವಾಸಕೋಶಕ್ಕೆ ಹಾನಿ ಮಾಡುವ, ಬಿಸಿಲಿನಲ್ಲಿ ಓಜೋನ್ ಉತ್ಪತ್ತಿಗೆ ಕಾರಣವಾಗುವ ಈ ಆಕ್ಸೈಡುಗಳಿಗೆ ಇಂಧನದ ಶುದ್ಧತೆಯೊಡನೆ ಸಂಬಂಧವಿಲ್ಲ. ಬೆಂಕಿ ಎಲ್ಲಿ ಬಲವಾಗಿದೆಯೋ ಅಲ್ಲಿ ಅವು ಹುಟ್ಟಿಯೇ ಹುಟ್ಟುತ್ತವೆ.

ಈ ಮೂರು ಅನಿಲಗಳನ್ನೂ ಹೊರಬೀಳುವ ಮುನ್ನ ನಿರುಪದ್ರವವಾಗಿ ಮಾಡುವುದೇ ಮೇಲೆ ಹೇಳಿದ ಪೆಟ್ಟಿಗೆಯ ಕೆಲಸ. ಅದರೊಳಗಿರುವುದು ಕ್ರಿಯಾವರ್ಧಕ. ತಾನು ವ್ಯಯವಾಗದೆ ಬೇರೆ ವಸ್ತುಗಳ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪದಾರ್ಥಕ್ಕೆ ಈ ಹೆಸರು. ಇದರ ಚರಿತ್ರೆಗೂ ಮೀಥೇನಿಗೂ ಹಳೆಯ ನಂಟುಂಟು. ಕಲ್ಲಿದ್ದಲ ಗಣಿಗಳಲ್ಲಿ ಮೀಥೇನ್ ಹೊತ್ತಿ ಸ್ಫೋಟಗೊಂಡು ಸಾವಿರಾರು ಮಂದಿ ಸಾಯುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ೧೮೧೫ರಲ್ಲಿ ಗಣಿಗಾರರ ಸುರಕ್ಷಾ ದೀಪವನ್ನು ರಚಿಸಿದನು. ಆ ಸಂಶೋಧನೆಯ ಮುಂದುವರಿಕೆಯಲ್ಲಿ, ಕಾಯಿಸಿದ ಪ್ಲಾಟಿನಂ ತಂತಿಯನ್ನು ಕಲ್ಲಿದ್ದಲ ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಹಿಡಿದರೆ ಜ್ವಾಲೆಯಿಲ್ಲದೆಯೇ ಅನಿಲ ಉರಿದು ತಂತಿ ಕೆಂಪಗೆ ಹೊಳೆಯುತ್ತಲೇ ಇರುವುದೆಂದು ೧೮೧೭ರಲ್ಲಿ ತೋರಿಸಿದನು. ಇದಾದ ಏಳು ವರ್ಷಗಳ ಮೇಲೆ, ೧೮೨೪ರಲ್ಲಿ, ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ ನುಣುಪಾದ ಪ್ಲಾಟಿನಂ ಪುಡಿಯನ್ನು ಬೇರೆ ಬೇರೆ ಅನಿಲಗಳ ಮಿಶ್ರಣಕ್ಕೆ ಒಡ್ಡಿ ನೋಡಿದನು. ಜಲಜನಕ ಬೇಗ ಉರಿಯಿತು. ಮಾನಾಕ್ಸೈಡು ಸ್ವಲ್ಪ ಶಾಖ ಕೊಟ್ಟರೆ ಉರಿಯಿತು. ಮೀಥೇನ್ ಮಾತ್ರ ಕೊನೆಯವರೆಗೂ ಮೊಂಡುತನ ಮಾಡಿತು. ಹೆನ್ರಿ ಈ ಮೊಂಡುತನವನ್ನೇ ಉಪಯೋಗಿಸಿಕೊಂಡು ಮಿಶ್ರಣದಿಂದ ಬೇರೆ ಅನಿಲಗಳನ್ನು ಸುಟ್ಟು ಕಳೆದು ಮೀಥೇನನ್ನು ಬೇರ್ಪಡಿಸಿ ಅಳೆದನು. ಸ್ವೀಡನ್ನಿನ ಬರ್ಜೀಲಿಯಸ್ ಈ ವಿದ್ಯಮಾನಕ್ಕೊಂದು ಹೆಸರು ಕೊಡುವುದಕ್ಕೂ ಮುಂಚಿನ ಮಾತಿದು. ಇನ್ನೂರು ವರ್ಷಗಳ ಹಿಂದೆ ಹೆನ್ರಿಗೆ ಅನುಕೂಲವಾಗಿದ್ದ ಗುಣವೇ ಇಂದು ನಮಗೆ ತೊಡಕಾಗಿದೆ.

ಈಗಿನ ವಾಹನಗಳ ಪೆಟ್ಟಿಗೆಯೊಳಗೆ ಜೇನುಗೂಡಿನಂತೆ ಸಾಲುಸಾಲು ರಂಧ್ರಗಳಿರುವ ಪಿಂಗಾಣಿಯ ದಿಂಡೊಂದಿರುತ್ತದೆ. ಅಂಗಾತ ಹರಡಿದ ಕೈಯೊಳಗಿನ ಒಂದು ಚದರ ಅಂಗುಲದಷ್ಟು ಜಾಗದಲ್ಲಿ ನಾನ್ನೂರರಷ್ಟು ರಂಧ್ರಗಳಿರುವುದು ಸಾಮಾನ್ಯ. ರಂಧ್ರಗಳ ಗೋಡೆಗೆ ಅಲ್ಯೂಮಿನಾ ಮತ್ತು ಸೀರಿಯಂ ಆಕ್ಸೈಡಿನ ಲೇಪ. ಆ ಲೇಪದಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಅತಿ ಸೂಕ್ಷ್ಮ ಕಣಗಳು. ಹೊಗೆ ಈ ರಂಧ್ರಗಳಲ್ಲಿ ಹಾದುಹೋಗುವ ಒಂದು ಕ್ಷಣಾರ್ಧದಲ್ಲಿ ಎರಡು ವಿರುದ್ಧ ಕಾರ್ಯಗಳು ನಡೆಯಬೇಕು. ಮಾನಾಕ್ಸೈಡಿಗೂ ಉರಿಯದ ಇಂಧನಕ್ಕೂ ಆಮ್ಲಜನಕವನ್ನು ಸೇರಿಸಬೇಕು. ಸಾರಜನಕದ ಆಕ್ಸೈಡುಗಳಿಂದ ಆಮ್ಲಜನಕವನ್ನು ಕಸಿದುಕೊಳ್ಳಬೇಕು. ಕೊಡುವುದೂ ಕಸಿಯುವುದೂ ಒಂದೇ ಮನೆಯಲ್ಲಿ ನಡೆಯಬೇಕಾದರೆ ಲೆಕ್ಕ ಸಮವಾಗಿರಬೇಕು. ಒಂದು ಕಿಲೋಗ್ರಾಂ ಮೀಥೇನಿಗೆ ಸುಮಾರು ೧೭.೨ ಕಿಲೋಗ್ರಾಂ ಗಾಳಿ ಎಂಬುದು ಈ ಸಮತೆಯ ಲೆಕ್ಕ. ಗಾಳಿ ತುಸು ಹೆಚ್ಚಾದರೆ ಸಾರಜನಕದ ಆಕ್ಸೈಡುಗಳು ಹಾಗೆಯೇ ನುಸುಳಿಕೊಳ್ಳುತ್ತವೆ. ಇಂಧನ ತುಸು ಹೆಚ್ಚಾದರೆ ಮಾನಾಕ್ಸೈಡು ಉಳಿಯುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು, ಆ ಸುದ್ದಿಯನ್ನು ಕ್ಷಣಕ್ಷಣಕ್ಕೂ ಎಂಜಿನಿಗೆ ಮುಟ್ಟಿಸುವ ಒಂದು ಸೂಕ್ಷ್ಮ ಸಂವೇದಕ ಈ ಸಮತೆಯನ್ನು ಕಾಪಾಡುತ್ತದೆ. ಗಾಳಿಯ ಪ್ರಮಾಣ ಅತ್ತಿತ್ತ ಹೊಯ್ದಾಡಿದಾಗ ಸೀರಿಯಂ ಆಕ್ಸೈಡು ಆಮ್ಲಜನಕವನ್ನು ಕಣಜದಂತೆ ಕೂಡಿಟ್ಟು, ಬೇಕಾದಾಗ ಕೊಟ್ಟು ನೆರವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎಂ. ಎಸ್. ಹೆಗ್ಡೆಯವರೂ ಅವರ ಸಂಗಡಿಗರೂ ಪಲ್ಲಾಡಿಯಂ ಮೊದಲಾದ ಲೋಹಗಳನ್ನು ಕಣರೂಪದಲ್ಲಿ ಮೆತ್ತುವ ಬದಲು ಸೀರಿಯಂ ಆಕ್ಸೈಡಿನ ಹರಳಿನೊಳಗೇ ಅಯಾನುಗಳಾಗಿ ನೆಲೆಗೊಳಿಸುವ ಮಾರ್ಗವನ್ನು ಕುರಿತು ಬಹುಕಾಲ ಸಂಶೋಧನೆ ನಡೆಸಿದರು. ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲವೆಂಬುದಕ್ಕೆ ಇದು ನಿದರ್ಶನ.

ಪೆಟ್ರೋಲ್ ವಾಹನಗಳಲ್ಲಿ ಈ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಅನಿಲದ ವಾಹನದಲ್ಲಿ ತೊಡಕೇಕೆ? ಮೀಥೇನಿನ ಅಣುವಿನ ರಚನೆಯೇ ಇದಕ್ಕೆ ಕಾರಣ. ಇಂಗಾಲವನ್ನು ನಡುವೆ ಇಟ್ಟುಕೊಂಡು ನಾಲ್ಕು ಜಲಜನಕಗಳು ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಚಾಚಿಕೊಂಡಿವೆ. ಹಿಡಿದೆಳೆಯಲು ಒಂದು ಕೊಂಡಿಯಿಲ್ಲ, ಒಂದು ದುರ್ಬಲವಾದ ಮೂಲೆಯಿಲ್ಲ. ಮೊದಲನೆಯ ಜಲಜನಕವನ್ನು ಕಿತ್ತುಕೊಳ್ಳುವುದಕ್ಕೆ ಒಂದು ಮೋಲ್ ಅನಿಲಕ್ಕೆ ಸುಮಾರು ೪೩೯ ಕಿಲೋಜೌಲ್ ಶಕ್ತಿ ಬೇಕು. ಪೆಟ್ರೋಲಿನಲ್ಲಿರುವ ದೊಡ್ಡ ಅಣುಗಳ ಬಂಧಗಳು ಇಷ್ಟು ಬಿಗಿಯಾಗಿಲ್ಲ. ಆದುದರಿಂದಲೇ ಮಾನಾಕ್ಸೈಡು ಮೊದಲಾದವು ೨೦೦ರಿಂದ ೩೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಉರಿಯತೊಡಗಿದರೆ, ಮೀಥೇನನ್ನು ತಕ್ಕಮಟ್ಟಿಗೆ ಸುಡಲು ಕ್ರಿಯಾವರ್ಧಕವು ೪೦೦ ಡಿಗ್ರಿಗೂ ಮೇಲೆ ಕಾದಿರಬೇಕು. ಹೆದ್ದಾರಿಯಲ್ಲಿ ಭಾರ ಹೊತ್ತು ಓಡುವ ಎಂಜಿನಿಗೆ ಈ ಶಾಖ ಸುಲಭ. ಬೆಳಗಿನ ಚಳಿಯಲ್ಲಿ ಆಗತಾನೆ ಹೊರಟ ವಾಹನಕ್ಕೂ, ಕೂಗಳತೆಗೊಮ್ಮೆ ನಿಂತು ನಿಂತು ಸಾಗುವ ಪೇಟೆಯ ಬಸ್ಸಿಗೂ ಅದು ಸುಲಭವಲ್ಲ. ಎಲ್ಲಿ ಜನಸಂದಣಿ ಹೆಚ್ಚೋ ಅಲ್ಲಿಯೇ ಪೆಟ್ಟಿಗೆಯ ಶಕ್ತಿ ಕಡಿಮೆಯಾಗುವುದು ದುರ್ದೈವ.

ಶಾಖವೊಂದೇ ಅಲ್ಲ, ಬೇರೆ ವಿಘ್ನಗಳೂ ಉಂಟು. ಮೀಥೇನನ್ನು ಸುಡುವುದರಲ್ಲಿ ಎಲ್ಲಕ್ಕಿಂತ ಸಮರ್ಥವಾದ ಲೋಹ ಪಲ್ಲಾಡಿಯಂ. ಅದಕ್ಕೆ ನೀರಿನ ಆವಿಯೂ ಗಂಧಕವೂ ಶತ್ರುಗಳು. ಒಂದು ಅಣು ಮೀಥೇನ್ ಉರಿದರೆ ಎರಡು ಅಣು ನೀರು ಹುಟ್ಟುವುದರಿಂದ, ಸಮತೆಯ ಲೆಕ್ಕದಲ್ಲಿ ಉರಿದ ಅನಿಲದ ಹೊಗೆಯಲ್ಲಿ ನೂರಕ್ಕೆ ಹತ್ತೊಂಬತ್ತು ಭಾಗ ನೀರಿನ ಆವಿಯೇ. ಅದು ಲೋಹದ ಮೈಮೇಲೆ ಕುಳಿತು ಮೀಥೇನಿಗೆ ಸ್ಥಳವಿಲ್ಲದಂತೆ ಮಾಡುತ್ತದೆ. ಗಂಧಕದ ಕಥೆ ಇನ್ನೂ ವಿಚಿತ್ರ. ನೈಸರ್ಗಿಕ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ಅದಕ್ಕೆ ಮರ್ಕ್ಯಾಪ್ಟನ್ ಎಂಬ ಕೊಳೆತ ನಾತದ ಗಂಧಕದ ಸಂಯುಕ್ತವನ್ನು ಒಂದಿಷ್ಟು ಬೆರೆಸುವರು. ಮನುಷ್ಯನ ಪ್ರಾಣವನ್ನು ಕಾಯುವ ಆ ಗಂಧಕವೇ ಎಂಜಿನಿನಲ್ಲಿ ಉರಿದು ಪಲ್ಲಾಡಿಯಮ್ಮಿನ ಮೇಲೆ ಸಲ್ಫೇಟಾಗಿ ಕೂರುತ್ತದೆ. ಎಂಜಿನ್ ಎಣ್ಣೆಯಲ್ಲಿರುವ ಗಂಧಕ, ರಂಜಕ, ಸತುಗಳೂ ಎಣ್ಣೆ ಸುಟ್ಟಷ್ಟೂ ಅದರೊಡನೆ ಸೇರಿಕೊಳ್ಳುತ್ತವೆ. ಗಾಳಿ ಹೆಚ್ಚಾಗಿರುವ ಹೊಗೆಯಲ್ಲಿ ಹತ್ತು ಲಕ್ಷಕ್ಕೆ ಒಂದು ಭಾಗದಷ್ಟು ಗಂಧಕದ ಡೈಆಕ್ಸೈಡಿದ್ದರೂ ಪಲ್ಲಾಡಿಯಂ ಕೆಲವೇ ಗಂಟೆಗಳಲ್ಲಿ ಕುಗ್ಗಿಹೋಗುವುದನ್ನು ಪ್ರಯೋಗಗಳು ತೋರಿಸಿವೆ. ಈ ಗಂಧಕವನ್ನು ಓಡಿಸಲು ಪೆಟ್ಟಿಗೆಯನ್ನು ಬಹಳವಾಗಿ ಕಾಯಿಸಬೇಕು. ಹಾಗೆಂದು ಮಿತಿಮೀರಿ ಕಾಯಿಸಿದರೆ ಸೂಕ್ಷ್ಮ ಕಣಗಳು ಒಂದಕ್ಕೊಂದು ಬೆಸೆದುಕೊಂಡು ದಪ್ಪವಾಗುತ್ತವೆ. ಕೆಲಸ ಮಾಡುವ ಮೈ ಕುಗ್ಗುತ್ತದೆ. ಇದು ಮರಳಿ ಸರಿಯಾಗದ ನಷ್ಟ. ಕಡಿಮೆ ಕಾದರೆ ಕೆಲಸವಿಲ್ಲ, ಹೆಚ್ಚು ಕಾದರೆ ಆಯುಷ್ಯವಿಲ್ಲ!

ಗಾಳಿಯ ಸಮತೆಯ ವಿಷಯದಲ್ಲಿಯೂ ಮೀಥೇನ್ ಉಳಿದವುಗಳಂತಲ್ಲ. ಆಮ್ಲಜನಕ ಹೆಚ್ಚಿದ್ದರೆ ಚೆನ್ನಾಗಿ ಉರಿಯಬೇಕೆಂದು ನಾವು ಊಹಿಸುವೆವು. ಆದರೆ ಮೂರೂ ಅನಿಲಗಳನ್ನು ತಡೆಯುವ ಈ ಬಗೆಯ ಕ್ರಿಯಾವರ್ಧಕದಲ್ಲಿ ಇಂಧನ ಕೂದಲೆಳೆಯಷ್ಟು ಹೆಚ್ಚಾಗಿರುವಾಗಲೇ ಮೀಥೇನ್ ಹೆಚ್ಚಾಗಿ ನಾಶವಾಗುವುದು. ಗಾಳಿಯ ಕಡೆಗೆ ತಿರುಗಿದೊಡನೆ ಮೀಥೇನೂ ಸಾರಜನಕದ ಆಕ್ಸೈಡುಗಳೂ ಒಟ್ಟಿಗೆ ತಪ್ಪಿಸಿಕೊಳ್ಳುತ್ತವೆ. ಇಂಧನದ ಕಡೆಗೆ ಅತಿಯಾಗಿ ತಿರುಗಿದರೆ ಸಾರಜನಕವು ಜಲಜನಕದೊಡನೆ ಕೂಡಿ ಅಮೋನಿಯಾ ಆಗಿ ಹೊರಬೀಳುತ್ತದೆ. ಅದು ಗಾಳಿಯಲ್ಲಿ ಆಮ್ಲಗಳೊಡನೆ ಬೆರೆತು ನುಣ್ಣನೆಯ ಧೂಳಿನ ಕಣಗಳಿಗೆ ಕಾರಣವಾಗುತ್ತದೆ. ಎರಡು ತಪ್ಪುಗಳ ನಡುವಿನ ಕಿರುದಾರಿಯಲ್ಲಿ ವಾಹನ ಸದಾ ನಡೆಯಬೇಕು. ಕಾರ್ಖಾನೆಯಲ್ಲಿಯೇ ಅನಿಲಕ್ಕಾಗಿ ರೂಪಿಸಿದ ಎಂಜಿನಿಗೆ ಇದು ಸಾಧ್ಯ. ಪೆಟ್ರೋಲಿಗೆಂದು ಮಾಡಿದ ಹಳೆಯ ಕಾರಿಗೆ ಬೀದಿಯ ಗ್ಯಾರೇಜಿನಲ್ಲಿ ಒಂದು ಕಿಟ್ ಹಾಕಿಸಿ, ಪೆಟ್ರೋಲ್ ಹೊಗೆಗೆಂದು ತಯಾರಾದ, ಆಗಲೇ ಅರ್ಧ ಆಯುಷ್ಯ ಸವೆದ ಪೆಟ್ಟಿಗೆಯನ್ನೇ ಮುಂದುವರಿಸಿದರೆ ಅದರಿಂದ ಇಂಥ ನಡಿಗೆಯನ್ನು ನಿರೀಕ್ಷಿಸುವುದು ಹೇಗೆ?

ಮೀಥೇನ್ ವಿಷವಲ್ಲ, ಬಣ್ಣವಿಲ್ಲ, ನಗರದ ಕಾವಳಕ್ಕೂ ಅದು ಹೆಚ್ಚು ಕಾರಣವಲ್ಲ. ಹೀಗಿರುವಾಗ ಅಲ್ಪ ಪ್ರಮಾಣದಲ್ಲಿ ಹೊರಬಿದ್ದರೇನು ಎಂದು ಕೆಲವರು ಕೇಳಬಹುದು. ಬಹುಕಾಲ ಅನೇಕ ದೇಶಗಳ ಕಾಯಿದೆಗಳೂ ಹೀಗೆಯೇ ಯೋಚಿಸಿ ‘ಮೀಥೇನನ್ನು ಬಿಟ್ಟು ಉಳಿದ ಹೈಡ್ರೋಕಾರ್ಬನ್ನುಗಳು’ ಎಂದು ಲೆಕ್ಕ ಹಾಕಿದವು. ಆದರೆ ಭೂಮಿಯ ಶಾಖವನ್ನು ಹಿಡಿದಿಡುವ ಗುಣ ಮೀಥೇನಿಗೆ ಬಹಳ. ಹವಾಮಾನ ಬದಲಾವಣೆಯನ್ನು ಕುರಿತ ಅಂತರ ಸರ್ಕಾರೀಯ ಮಂಡಲಿಯು ೨೦೨೧ರಲ್ಲಿ ಪ್ರಕಟಿಸಿದ ವರದಿಯಂತೆ, ನೆಲದಾಳದಿಂದ ತೆಗೆದ ಒಂದು ಕಿಲೋಗ್ರಾಂ ಮೀಥೇನ್ ನೂರು ವರ್ಷಗಳ ಅವಧಿಯಲ್ಲಿ ೨೯.೮ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೂ, ಇಪ್ಪತ್ತು ವರ್ಷಗಳ ಅವಧಿಯಲ್ಲಿ ೮೨.೫ ಕಿಲೋಗ್ರಾಮಿಗೂ ಸಮನಾದ ಕಾವನ್ನು ಉಂಟುಮಾಡುತ್ತದೆ. ಕೈಗಾರಿಕೆಗಳು ಹುಟ್ಟುವುದಕ್ಕೆ ಮುಂಚೆ ಇದ್ದುದರ ಎರಡೂವರೆ ಪಟ್ಟಿನಷ್ಟು ಮೀಥೇನ್ ಈಗ ವಾತಾವರಣದಲ್ಲಿದೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು. ಒಂದು ಕಿಲೋಗ್ರಾಂ ಮೀಥೇನ್ ಉರಿದರೆ ಸುಮಾರು ೫೦ ಮೆಗಾಜೌಲ್ ಶಾಖ ದೊರೆತು ೨.೭೫ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹುಟ್ಟುತ್ತದೆ. ಅಷ್ಟೇ ಶಾಖವನ್ನು ಪೆಟ್ರೋಲಿನಿಂದ ಪಡೆದರೆ ಹುಟ್ಟುವುದು ಸುಮಾರು ೩.೪೬ ಕಿಲೋಗ್ರಾಂ. ಉಳಿತಾಯ ಏಳುನೂರು ಗ್ರಾಮಿನಷ್ಟು. ಈ ಉಳಿತಾಯವೇ ಅನಿಲದ ಹಿರಿಮೆ. ಆದರೆ ಸುಡದೆ ತಪ್ಪಿಸಿಕೊಂಡ ಮೀಥೇನಿನ ಪ್ರತಿಯೊಂದು ಗ್ರಾಮೂ ನೂರು ವರ್ಷಗಳ ಲೆಕ್ಕದಲ್ಲಿ ಮೂವತ್ತು ಗ್ರಾಮಿನಷ್ಟನ್ನು ಈ ಉಳಿತಾಯದಿಂದ ಕಳೆಯುತ್ತದೆ. ಹಾಗಾದರೆ ಇಂಧನದಲ್ಲಿ ನೂರಕ್ಕೆ ಸುಮಾರು ೨.೩ ಭಾಗ ಹಾಗೆಯೇ ಹೊರಬಿದ್ದರೆ ಉಳಿತಾಯ ಸೊನ್ನೆಯಾಗುತ್ತದೆ. ಇಪ್ಪತ್ತು ವರ್ಷಗಳ ಲೆಕ್ಕ ಹಿಡಿದರೆ ನೂರಕ್ಕೆ ಒಂದು ಭಾಗವೂ ಬೇಡ, ೦.೯ ಭಾಗವೇ ಸಾಕು. ಬಾವಿಯಿಂದ ಬಂಕಿನವರೆಗೆ ಕೊಳವೆಗಳಲ್ಲಿ ಸೋರುವುದನ್ನು ನಾವಿಲ್ಲಿ ಸೇರಿಸಿಲ್ಲ. ಕೊಡದ ಅಡಿಯಲ್ಲಿ ಎಷ್ಟು ಸಣ್ಣ ತೂತಾದರೆ ನೀರೆಲ್ಲ ಹೋಗುವುದೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಕಾಯಿದೆ ಈ ವಿಷಯವನ್ನು ಮರೆತಿಲ್ಲ. ೨೦೨೦ರ ಏಪ್ರಿಲ್ ಒಂದರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಭಾರತ್ ಸ್ಟೇಜ್ ಆರನೆಯ ಮಾನಕದಲ್ಲಿ, ಅನಿಲದಿಂದ ನಡೆಯುವ ಭಾರಿ ಎಂಜಿನುಗಳು ಒಂದು ಕಿಲೋವಾಟ್ ಗಂಟೆಯ ಕೆಲಸಕ್ಕೆ ಅರ್ಧ ಗ್ರಾಮಿಗಿಂತ ಹೆಚ್ಚು ಮೀಥೇನನ್ನು ಹೊರಬಿಡಕೂಡದೆಂಬ ನಿಬಂಧನೆಯಿದೆ. ಅಷ್ಟು ಕೆಲಸಕ್ಕೆ ಒಂದು ಒಳ್ಳೆಯ ಎಂಜಿನು ಇನ್ನೂರು ಗ್ರಾಮಿನಷ್ಟು ಅನಿಲವನ್ನು ಬಳಸುವುದೆಂದಿಟ್ಟುಕೊಂಡರೆ, ಅರ್ಧ ಗ್ರಾಂ ಎಂದರೆ ನೂರಕ್ಕೆ ಕಾಲು ಭಾಗ. ಮೇಲಿನ ಲೆಕ್ಕದಂತೆ ಇದು ಕ್ಷೇಮವಾದ ಮಿತಿ. ಆದರೆ ಎಂಜಿನಿನಿಂದ ನೂರಕ್ಕೆ ಒಂದೇ ಭಾಗ ಮೀಥೇನ್ ಉರಿಯದೆ ಬಂದರೂ ಅದರ ನಾಲ್ಕನೆಯ ಮೂರು ಭಾಗವನ್ನು ಪೆಟ್ಟಿಗೆ ಸುಟ್ಟುಹಾಕಿದರೆ ಮಾತ್ರ ಈ ಮಿತಿ ಉಳಿದೀತು; ಎರಡು ಭಾಗ ಬಂದರೆ ಎಂಟನೆಯ ಏಳು ಭಾಗವನ್ನು ಸುಡಬೇಕು. ಕಾಯಿದೆಯ ಕ್ಷೇಮವೆಲ್ಲ ಕ್ರಿಯಾವರ್ಧಕದ ಹೆಗಲ ಮೇಲಿದೆ.

ಆ ಹೆಗಲು ಗಟ್ಟಿಯಾಗಿದೆಯೋ ಇಲ್ಲವೋ ಎಂಬುದನ್ನು ರಸ್ತೆಗಿಳಿದ ಮೇಲೆ ನೋಡುವವರು ಯಾರು? ಜನರು ‘ಎಮಿಷನ್ ಟೆಸ್ಟ್’ ಎಂದು ಕರೆಯುವ ಹೊಗೆ ತಪಾಸಣೆ ನಮಗೆಲ್ಲ ಗೊತ್ತಿರುವುದೇ. ಪೆಟ್ರೋಲ್ ಮತ್ತು ಅನಿಲದ ವಾಹನಗಳನ್ನು ನಿಂತಲ್ಲಿಯೇ ಖಾಲಿ ಓಡಿಸಿ, ಕೊಳವೆಗೆ ಒಂದು ನಳಿಗೆಯನ್ನು ತೂರಿಸಿ, ಮಾನಾಕ್ಸೈಡನ್ನೂ ಹೈಡ್ರೋಕಾರ್ಬನ್ನನ್ನೂ ಅಳೆಯುವರು. ಸಾರಜನಕದ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ. ಹೈಡ್ರೋಕಾರ್ಬನ್ನನ್ನು ಅಳೆಯುವ ಅವಕೆಂಪು ಕಿರಣದ ಯಂತ್ರ ಹೆಕ್ಸೇನ್ ಎಂಬ ಪೆಟ್ರೋಲಿನ ಜಾತಿಯ ಸಂಯುಕ್ತಕ್ಕೆ ಹೊಂದಿಸಿದ್ದು. ಮೀಥೇನ್ ಅದರ ಕಣ್ಣಿಗೆ ಮಸುಕಾಗಿ ಕಾಣುತ್ತದೆ. ಹೀಗಾಗಿ ಅನಿಲದ ವಾಹನದಿಂದ ಮುಖ್ಯವಾಗಿ ಹೊರಬೀಳಬಹುದಾದ ಎರಡು ಅನಿಲಗಳಲ್ಲಿ ಒಂದನ್ನು ಈ ಪರೀಕ್ಷೆ ಕೇಳುವುದಿಲ್ಲ, ಇನ್ನೊಂದನ್ನು ಸರಿಯಾಗಿ ಕಾಣುವುದಿಲ್ಲ. ಪೆಟ್ಟಿಗೆ ಸತ್ತಿದ್ದರೂ ವಾಹನಕ್ಕೆ ಪ್ರಮಾಣಪತ್ರ ಸಿಕ್ಕಬಹುದು.

ಇದು ಬರಿಯ ಶಂಕೆಯಲ್ಲ. ಶುದ್ಧ ಸಾರಿಗೆಯನ್ನು ಕುರಿತ ಅಂತರರಾಷ್ಟ್ರೀಯ ಸಂಶೋಧನಾ ಮಂಡಲಿಯೊಂದು, ಐಸಿಸಿಟಿ ಎಂದು ಹೆಸರಾದದ್ದು, ದೆಹಲಿ ಮತ್ತು ಗುರುಗ್ರಾಮಗಳ ರಸ್ತೆಬದಿಯಲ್ಲಿ ಕಿರಣಯಂತ್ರಗಳನ್ನು ನಿಲ್ಲಿಸಿ, ಓಡುತ್ತಿರುವ ವಾಹನಗಳ ಹೊಗೆಯನ್ನು ಒಂದು ಲಕ್ಷಕ್ಕೂ ಹೆಚ್ಚು ಸಲ ಅಳೆದು ೨೦೨೪ರಲ್ಲಿ ವರದಿಯನ್ನು ಪ್ರಕಟಿಸಿತು. ಅನಿಲದಿಂದ ನಡೆಯುವ ಟ್ಯಾಕ್ಸಿಗಳೂ ಸಣ್ಣ ಸರಕಿನ ಗಾಡಿಗಳೂ ಪ್ರಯೋಗಶಾಲೆಯ ಮಿತಿಗಿಂತ ಹಲವು ಪಟ್ಟು ಸಾರಜನಕದ ಆಕ್ಸೈಡುಗಳನ್ನು ಹೊರಬಿಡುತ್ತಿದ್ದವು. ಒಂದು ವರ್ಗದ ಸರಕಿನ ಗಾಡಿಗಳಲ್ಲಿ ಇದು ಹದಿನಾಲ್ಕು ಪಟ್ಟಿನವರೆಗೂ ಏರಿತ್ತು. ಕ್ರಿಯಾವರ್ಧಕದೊಳಗಿನ ಲೆಕ್ಕ ತಪ್ಪಿದಾಗ ಎಂಥ ಫಲ ಬರಬೇಕೋ ಅಂಥ ಫಲವೇ ಇದು. ‘ಶುದ್ಧ’ ಎಂಬ ಬಿರುದು ಪಡೆದ ವಾಹನಗಳಿಂದಲೇ ಶ್ವಾಸಕೋಶಕ್ಕೆ ಕೆಡುಕಾದ ಅನಿಲ ಬರುತ್ತಿದ್ದುದು ಎಲ್ಲರೂ ಯೋಚಿಸಬೇಕಾದ ವಿಷಯ.

ನಮ್ಮ ಮಾತಿಗೆ ಆಕ್ಷೇಪಣೆಗಳು ಬರಬಹುದು. ಗದ್ದೆಗಳಿಂದಲೂ ದನಕರುಗಳಿಂದಲೂ ಹೊರಡುವ ಮೀಥೇನಿನ ಮುಂದೆ ವಾಹನಗಳದ್ದು ಎಷ್ಟರದು ಎಂಬುದು ಮೊದಲನೆಯದು. ನಿಜ, ಅದು ಅಲ್ಪವೇ. ಆದರೆ ಅನ್ನವನ್ನೂ ಹಾಲನ್ನೂ ಕೊಡುವ ಮೂಲಗಳನ್ನು ಮುಚ್ಚಲಾಗದು. ಕೊಳವೆಯ ತುದಿಯಲ್ಲಿ ತಡೆಯಬಹುದಾದುದನ್ನಾದರೂ ತಡೆಯಬೇಡವೆ? ಕೆಲವೇ ವರ್ಷಗಳಲ್ಲಿ ವಿದ್ಯುತ್ ವಾಹನಗಳು ಎಲ್ಲವನ್ನೂ ಆಕ್ರಮಿಸುವುವು, ಈ ಚಿಂತೆ ಏಕೆ ಎಂಬುದು ಎರಡನೆಯದು. ಆದರೆ ಈ ವರ್ಷ ಕೊಂಡ ಅನಿಲದ ಗಾಡಿ ಹತ್ತು ಹದಿನೈದು ವರ್ಷ ಓಡಬೇಕು. ಅಲ್ಲದೆ ಸಗಣಿ, ಕಬ್ಬಿನ ಮಡ್ಡಿ, ಊರ ಕಸಗಳಿಂದ ಅನಿಲ ತಯಾರಿಸಿ ವಾಹನಗಳಿಗೆ ತುಂಬುವ ಸರ್ಕಾರದ ಯೋಜನೆಯೊಂದು ೨೦೧೮ರಲ್ಲ ಆರಂಭವಾಗಿದೆ. ಅದೂ ಮೀಥೇನೇ. ಚೆನ್ನಾಗಿ ಶೋಧಿಸದಿದ್ದರೆ ಅದರಲ್ಲಿ ಗಂಧಕ ಇನ್ನೂ ಹೆಚ್ಚು; ಊರ ಕಸದ ಅನಿಲದಲ್ಲಿ ಸಿಲಿಕಾನಿನ ಸಂಯುಕ್ತಗಳೂ ಇದ್ದು, ಅವು ಉರಿದಾಗ ಮರಳಿನಂತೆ ಪೆಟ್ಟಿಗೆಯಲ್ಲಿ ಕೂರುತ್ತವೆ. ಸಮಸ್ಯೆ ಬೇಗ ತೊಲಗುವಂತಹುದಲ್ಲ.

ಮೂರನೆಯ ಆಕ್ಷೇಪಣೆಯೇ ಎಲ್ಲಕ್ಕಿಂತ ತೂಕದ್ದು. ಅನಿಲದ ಗಾಡಿಯನ್ನು ಕೊಳ್ಳುವವನು ಭೂಮಂಡಲದ ಕಾವನ್ನು ನೆನೆದು ಕೊಳ್ಳುವುದಿಲ್ಲ. ಇಂಧನದ ಖರ್ಚು ಕಡಿಮೆಯೆಂದು ಕೊಳ್ಳುತ್ತಾನೆ. ದಿನದ ದುಡಿಮೆಯಲ್ಲಿ ಸಂಸಾರ ಸಾಗಿಸುವ ಆಟೋ ಚಾಲಕನ ಮೇಲೆ ಪಲ್ಲಾಡಿಯಂ ತುಂಬಿದ ಪೆಟ್ಟಿಗೆಯ ಬೆಲೆಯನ್ನು ಹೇರುವುದು ನ್ಯಾಯವೇ? ನ್ಯಾಯವಲ್ಲವೆಂದೇ ನಾವೂ ಹೇಳುತ್ತೇವೆ. ಅದಕ್ಕಾಗಿಯೇ ಹೊಣೆಯನ್ನು ಹಂಚಬೇಕು. ಇಷ್ಟು ಕಿಲೋಮೀಟರಿನವರೆಗೆ ಪೆಟ್ಟಿಗೆ ಕೆಲಸ ಮಾಡುವುದೆಂದು ತಯಾರಕನು ಬರೆದುಕೊಟ್ಟು, ಅದಕ್ಕೆ ಮುಂಚೆ ಸೋತರೆ ತನ್ನ ಖರ್ಚಿನಿಂದ ಬದಲಾಯಿಸಿಕೊಡಬೇಕು. ಸವೆದ ಪೆಟ್ಟಿಗೆಯಲ್ಲಿ ಬೆಲೆಬಾಳುವ ಲೋಹ ಹಾಗೆಯೇ ಉಳಿದಿರುತ್ತದೆ; ಅದನ್ನು ಕಳ್ಳಪೇಟೆಗೆ ಹೋಗಗೊಡದೆ ಹಿಂದಕ್ಕೆ ಪಡೆದು, ಅದರ ಬೆಲೆಯನ್ನು ಹೊಸ ಪೆಟ್ಟಿಗೆಯ ಬೆಲೆಯಲ್ಲಿ ಚಾಲಕನಿಗೆ ಮುರಿದುಕೊಡುವ ವ್ಯವಸ್ಥೆ ಬೇಕು.

ಇದರೊಡನೆ ಮತ್ತೆ ಮೂರು ಕೆಲಸಗಳು ಆಗಬೇಕೆಂದು ನಮಗೆ ತೋರುತ್ತದೆ. ಒಂದನೆಯದಾಗಿ, ಅನಿಲದ ವಾಹನಗಳ ತಪಾಸಣೆಯಲ್ಲಿ ಮೀಥೇನನ್ನೂ ಸಾರಜನಕದ ಆಕ್ಸೈಡುಗಳನ್ನೂ ಅಳೆಯಬಲ್ಲ ಯಂತ್ರಗಳನ್ನು ಬಳಸಬೇಕು. ದೊಡ್ಡ ನಗರಗಳಲ್ಲಿ ರಸ್ತೆಬದಿಯ ಕಿರಣಯಂತ್ರಗಳಿಂದ ಓಡುವ ವಾಹನಗಳನ್ನೇ ಅಳೆದು, ಮಿತಿಮೀರಿದವುಗಳನ್ನು ಮಾತ್ರ ಕರೆಸಬೇಕು. ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುವುದಕ್ಕಿಂತ ಇದು ಅಗ್ಗ. ಎರಡನೆಯದಾಗಿ, ಹಳೆಯ ವಾಹನಕ್ಕೆ ಕಿಟ್ ಹಾಕಲು ಅಪ್ಪಣೆ ಕೊಡುವಾಗ ಮೀಥೇನಿಗೆ ತಕ್ಕ ಕ್ರಿಯಾವರ್ಧಕವನ್ನೂ ಗಾಳಿಯ ಸಮತೆಯನ್ನು ಕಾಯುವ ಸಂವೇದಕವನ್ನೂ ಅದರ ಅಂಗವೆಂದೇ ಎಣಿಸಬೇಕು. ಮೂರನೆಯದಾಗಿ, ಅನಿಲದಲ್ಲಿರುವ ಗಂಧಕದ ಮಿತಿಯನ್ನು ಬಿಗಿಗೊಳಿಸಬೇಕು. ಸುರಕ್ಷತೆಗೆ ಕುಂದು ಬಾರದಂತೆ ಗಂಧಕ ಕಡಿಮೆಯಿರುವ, ಅಥವಾ ಇಲ್ಲದ, ವಾಸನೆಯ ದ್ರವ್ಯಗಳನ್ನು ಪರಿಶೀಲಿಸಬೇಕು. ಈ ಮೂರರಲ್ಲಿ ಯಾವುದಕ್ಕೂ ಹೊಸ ವಿಜ್ಞಾನವನ್ನು ಕಂಡುಹಿಡಿಯಬೇಕಾಗಿಲ್ಲ.

ಮೀಥೇನ್ ಸುಲಭವಾಗಿ ಮಣಿಯುವ ಅನಿಲವಲ್ಲವೆಂದು ವಿಲಿಯಂ ಹೆನ್ರಿ ಗಾಜಿನ ನಳಿಗೆಯಲ್ಲಿ ಕಂಡುಕೊಂಡು ಎರಡು ಶತಮಾನಗಳಾದವು. ಅದನ್ನು ಮಣಿಸುವ ಉಪಾಯಗಳನ್ನು ರಸಾಯನಶಾಸ್ತ್ರಜ್ಞರು ಬಹುಮಟ್ಟಿಗೆ ಒದಗಿಸಿದ್ದಾರೆ. ಉಪಾಯಗಳು ಕೆಲಸ ಮಾಡುತ್ತಿವೆಯೇ ಎಂದು ನೋಡುವುದು ಶಾಸ್ತ್ರಜ್ಞರ ಹೊಣೆಯಲ್ಲ, ಸಮಾಜದ ಹೊಣೆ. ಔಷಧಿಯನ್ನು ಕೊಟ್ಟ ವೈದ್ಯನು ಮತ್ತೊಮ್ಮೆ ನಾಡಿಯನ್ನು ಹಿಡಿದು ನೋಡುವಂತೆ, ಶುದ್ಧ ಇಂಧನವನ್ನು ಕೊಟ್ಟ ಸರ್ಕಾರವು ಅದರ ಹೊಗೆಯನ್ನೂ ಹಿಡಿದು ನೋಡಬೇಕು. ನೋಡದೆ ಹೋದರೆ, ಕರಿಯ ಹೊಗೆಯನ್ನು ಕಾಣದ ಹೊಗೆಗೆ ಬದಲಾಯಿಸಿಕೊಂಡು ನಾವು ಗೆದ್ದೆವೆಂದು ಹಿಗ್ಗಿದಂತಾದೀತು. ಅದರ ಬೆಲೆಯನ್ನು ನಮ್ಮ ಮಕ್ಕಳ ಶ್ವಾಸಕೋಶಗಳೂ ಅವರು ಬಾಳಬೇಕಾದ ಭೂಮಿಯೂ ತೆರಬೇಕಾದೀತು.